ಟೆಸ್ಟ್ ನನ್ನನ್ನು ‘ಒಂಟಿ ಹುಲಿ’ ಅಂದಿತು. ನಾನು ನಿಜವಾಗಿ ಹಾಗೇನಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 36 ವರ್ಷ. ಒಂದೇ ಕಂಪನಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೂರು ತಿಂಗಳ ಹಿಂದೆ ಆಫೀಸಿನಲ್ಲಿ ಒಂದು ದಿನದ ತರಬೇತಿ ಇತ್ತು. 40 ಪ್ರಶ್ನೆಗಳ ಟೆಸ್ಟ್ ಕೊಟ್ಟರು. ಕೊನೆಗೆ ಯಾರ ಸ್ವಭಾವ ಯಾವ ಬೇಟೆಗಾರ ಪ್ರಾಣಿಯದು ಅಂತ ಹೇಳಿದರು. ಸಿಂಹ, ಹುಲಿ, ತೋಳ, ಓರ್ಕಾ ತಿಮಿಂಗಿಲ, ಹದ್ದು, ಶಾರ್ಕ್, ಹೀಗೆ ಆರು ಪ್ರಾಣಿ. ನನಗೆ ಬಂದದ್ದು ‘ಒಂಟಿ ಹುಲಿ’. “ಯಾರನ್ನೂ ಸುಲಭವಾಗಿ ನಂಬುವುದಿಲ್ಲ. ಒಬ್ಬರೇ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತೀರಿ. ಹೊರಗೆ ಗಟ್ಟಿ ಕಂಡರೂ ಒಳಗೆ ಕೆಲವು ಅನುಮಾನಗಳಿವೆ” ಅಂತ ಬರೆದಿತ್ತು. ಓದಿ ಆಶ್ಚರ್ಯವಾಯಿತು, ಅಷ್ಟು ಸರಿಯಾಗಿತ್ತು. ಆದರೆ ಆಮೇಲೆ ಟೀಮ್ ಲೀಡ್ ಹುದ್ದೆಯ ಮಾತು ಬಂದಾಗ ಮ್ಯಾನೇಜರ್ “ನೀವು ಹುಲಿ, ಗುಂಪಿನಲ್ಲಿ ಬೇಟೆ ಆಡುವವರಲ್ಲ” ಅಂದರು. ಮನೆಯಲ್ಲೂ ಏನಾದರೂ ಮಾತು ಬಂದರೆ “ನಾನಿರೋದೇ ಹೀಗೆ” ಅನ್ನುವುದು ನನಗೆ ರೂಢಿಯಾಗಿದೆ ಅಂತ ಹೆಂಡತಿ ಹೇಳುತ್ತಾಳೆ. 10 ವರ್ಷದ ಮಗ ಗೆಳೆಯರ ಜೊತೆ ಮೊಬೈಲಿನಲ್ಲಿ ಇಂಥದ್ದೇ ಆಟ ಆಡಿ, ‘ಕತ್ತೆಕಿರುಬ’ ಅಂತ ಬಂದು ಅತ್ತುಬಿಟ್ಟ. ಇದಕ್ಕೆ ವಿಜ್ಞಾನದ ಆಧಾರ ಇದೆಯಾ? ಸ್ವಭಾವ ಬದಲಾಗುತ್ತದಾ? ಟೆಸ್ಟನ್ನು ಮತ್ತೆ ಬರೆದು, ಸಿಂಹ ಬರುವ ಹಾಗೆ ಉತ್ತರ ಕೊಡಲೇ? ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ನಾನು ಮಾಡಿದ ಕೆಲಸವನ್ನು ಸಹೋದ್ಯೋಗಿಯೊಬ್ಬರು ತಮ್ಮದೆಂದು ತೋರಿಸಿ ಹೆಸರು ತೆಗೆದುಕೊಂಡರು. ಆಗಿನಿಂದ ನಾನು ಜಾಸ್ತಿ ಒಬ್ಬನೇ ಕೆಲಸ ಮಾಡುತ್ತೇನೆ, ಅಷ್ಟೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕೊನೆಯ ಎರಡು ವಾಕ್ಯಗಳ ಹತ್ತಿರ ನಿಂತುಬಿಟ್ಟೆ. “ಅಷ್ಟೆ” ಅಂತ ನೀವು ಮುಗಿಸಿದ ಆ ವಿಷಯದಲ್ಲೇ ನಿಮ್ಮ ಉತ್ತರದ ಮುಕ್ಕಾಲು ಪಾಲು ಇದೆ ಅನಿಸುತ್ತದೆ. ಅಲ್ಲಿಗೆ ಬರುತ್ತೇನೆ. ಮೊದಲು ಟೆಸ್ಟಿನ ಮಾತು.

ಟೆಸ್ಟ್ ಹೇಳಿದ್ದು ನಿಜವಾ, ನಿಜವಾದರೆ ಅದನ್ನು ಬದಲಿಸಬಹುದಾ, ಮತ್ತು ಈ ಹೆಸರಿನಿಂದ ಕೈತಪ್ಪುತ್ತಿರುವ ಅವಕಾಶವನ್ನು ಹೇಗೆ ಉಳಿಸಿಕೊಳ್ಳುವುದು. ನಿಮ್ಮ ಚಿಂತೆ ಇದು. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ: ಮನುಷ್ಯರನ್ನು ಆರು ಬೇಟೆಗಾರ ಪ್ರಾಣಿಗಳಾಗಿ ಹಂಚುವುದಕ್ಕೆ ವಿಜ್ಞಾನದ ಆಧಾರ ಇಲ್ಲ. 18 ವರ್ಷಗಳಿಂದ ಸ್ವಭಾವದ ಪ್ರಶ್ನಾವಳಿಗಳನ್ನು ಜನರ ಜೊತೆ ಕೂತು ಓದಿ ವಿವರಿಸುವುದು ನನ್ನ ಕೆಲಸ. ಪ್ರಾಣಿಯ ಹೆಸರು ಹೊತ್ತು ಬಂದವರು ನೀವು ಮೊದಲಿಗರಲ್ಲ. ಗಟ್ಟಿ ಮನುಷ್ಯರು ಕೂಡ ಒಂದು ಪದಕ್ಕೆ ಇಷ್ಟು ಕಟ್ಟುಬೀಳುವುದನ್ನು ನೋಡಿ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ.

“ಆದರೆ ಅಷ್ಟು ಸರಿಯಾಗಿ ಹೇಳಿತಲ್ಲ?” ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟರು. ಒಂದು ವಾರದ ನಂತರ ಒಬ್ಬೊಬ್ಬರಿಗೂ ಅವರದೇ ಸ್ವಭಾವದ ವಿವರ ಅಂತ ಒಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾಯಿತು, ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ. ಅದರ ವಾಕ್ಯಗಳನ್ನು ಫೋರರ್ ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. “ಹೊರಗೆ ಗಟ್ಟಿ, ಒಳಗೆ ಅನುಮಾನ” ಅನ್ನುವ ನಿಮ್ಮ ಹುಲಿಯ ಸಾಲು ಆ ಹಾಳೆಯ ಮಾತಿಗೆ ತುಂಬ ಹತ್ತಿರ ಇದೆ. ಒಳಗೆ ಅನುಮಾನ ಇಲ್ಲದ ಮನುಷ್ಯ ಯಾರಿದ್ದಾರೆ ಹೇಳಿ? ತರಬೇತಿಯಲ್ಲಿ ಸಿಂಹ ಬಂದವರ ಹಾಳೆಯನ್ನು ಒಮ್ಮೆ ಕೇಳಿ ಪಡೆದು ಓದಿ. ಅದರಲ್ಲೂ ಅರ್ಧ ನಿಮ್ಮದೇ ಅನಿಸದಿದ್ದರೆ ನನಗೆ ಬರೆಯಿರಿ.

ಇನ್ನೊಂದು ತೊಂದರೆ ಹಂಚುವ ರೀತಿಯಲ್ಲಿದೆ. ಜನರೊಂದಿಗೆ ಬೆರೆಯುವ ಗುಣವನ್ನು ಅಳೆದರೆ ಹೆಚ್ಚಿನವರು ನಡುವೆ ಇರುತ್ತಾರೆ. ತೀರ ಒಂಟಿ ಅಥವಾ ತೀರ ಸಂತೆಯ ಮನುಷ್ಯ, ಇಂಥವರು ಎರಡು ತುದಿಯಲ್ಲಿ ಸ್ವಲ್ಪ ಜನ. ಈಗ 50ರ ಹತ್ತಿರ ಗೆರೆ ಎಳೆದು, ಈ ಕಡೆಯವರು ಹುಲಿ, ಆ ಕಡೆಯವರು ತೋಳ ಅಂದರೆ ಏನಾಗುತ್ತದೆ? 49 ಬಂದವರು ಹುಲಿ, 51 ಬಂದವರು ತೋಳ. ಅವರಿಬ್ಬರ ಸ್ವಭಾವ ಹೆಚ್ಚುಕಡಿಮೆ ಒಂದೇ. 51 ಮತ್ತು 95 ಬಂದವರು ಮಾತ್ರ ಒಂದೇ ಗುಂಪು! ನಿಮಗೆ ಬಂದ ಅಂಕ ಎಷ್ಟು ಅಂತ ಯಾರಾದರೂ ಹೇಳಿದರಾ? ಪತ್ರದಲ್ಲಿ ಅದು ಇಲ್ಲ, ಹೇಳಿರಲಾರರು.

ಈಗ ಪ್ರಾಣಿಗಳ ಕಡೆ ಬರೋಣ. ಇಂಥ ಟೆಸ್ಟುಗಳು ಮನುಷ್ಯನ ವಿಷಯದಲ್ಲಿ ಎಷ್ಟು ತಪ್ಪೋ, ಪ್ರಾಣಿಗಳ ವಿಷಯದಲ್ಲೂ ಅಷ್ಟೇ ತಪ್ಪು.

ಹುಲಿ ಒಂಟಿಯಾಗಿ ಬೇಟೆಯಾಡುತ್ತದೆ, ನಿಜ. ಯಾರನ್ನೂ ನಂಬದ ಕಾರಣಕ್ಕೆ ಹಾಗೆ ಮಾಡುವುದಿಲ್ಲ. ದಟ್ಟ ಕಾಡಿನಲ್ಲಿ ಜಿಂಕೆ, ಕಡವೆಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಪೊದೆಯಲ್ಲಿ ಅಡಗಿ, ಸದ್ದಿಲ್ಲದೆ ಹತ್ತಿರ ಹೋಗಿ ಹಾರಬೇಕು. ನಾಲ್ಕು ಜನ ಜೊತೆಗಿದ್ದರೆ ಸದ್ದಾಗುತ್ತದೆ, ಸಿಕ್ಕಿದ್ದೂ ಸಾಲುವುದಿಲ್ಲ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ ಗಾತ್ರದ ಪ್ರಾಣಿಗಳು ಬೇಕು. ಆ ಲೆಕ್ಕಕ್ಕೆ ಒಂಟಿ ಬಾಳು ಹೊಂದುತ್ತದೆ. ಅದೇ ಹುಲಿ ತಾಯಿಯಾದಾಗ ಎರಡು ವರ್ಷದ ಹತ್ತಿರ ಮರಿಗಳ ಜೊತೆಗೇ ಇದ್ದು, ತಿನ್ನಿಸಿ, ಬೇಟೆ ಕಲಿಸುತ್ತದೆ. ಗಂಡು ಹುಲಿಯ ಕಥೆಯೂ ನಾವು ಅಂದುಕೊಂಡಷ್ಟು ಸರಳ ಇಲ್ಲ. 2011ರಲ್ಲಿ ರಣಥಂಬೋರ್ ಕಾಡಿನಲ್ಲಿ ಒಂದು ತಾಯಿ ಹುಲಿ ಸತ್ತಾಗ, ಅದರ ಎರಡು ಹೆಣ್ಣು ಮರಿಗಳನ್ನು ಕಾದು ನೋಡಿಕೊಂಡದ್ದು ಟಿ-25 ಎಂಬ ಗಂಡು ಹುಲಿ. ಎರಡೂ ಮರಿಗಳು ಬದುಕಿ ದೊಡ್ಡವಾದವು.

“ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ” ಅಂತ ನಾವೆಲ್ಲ ಹೇಳುತ್ತೇವೆ. ಸ್ವಾಭಿಮಾನದ ಮಾತಾಗಿ ಅದು ಚೆಂದವಾಗಿದೆ, ನನಗೂ ಇಷ್ಟ. ಆದರೆ ನಿಜವಾದ ಹುಲಿ ಆಗಾಗ ಹುಲ್ಲು ಅಗಿಯುತ್ತದೆ. ಕಾಡಿನಲ್ಲಿ ಅದರ ಹಿಕ್ಕೆಯಲ್ಲಿ ಹುಲ್ಲಿನ ಎಳೆಗಳು ಸಿಗುತ್ತವೆ. ಗಾದೆಯ ಹುಲಿ ಬೇರೆ, ಕಾಡಿನ ಹುಲಿ ಬೇರೆ. ನಿಮ್ಮ ಟೆಸ್ಟಿನಲ್ಲಿದ್ದದ್ದು ಗಾದೆಯ ಹುಲಿ.

ತೋಳದ್ದು ಇನ್ನೂ ದೊಡ್ಡ ತಪ್ಪು. ‘ಆಲ್ಫಾ’ ಅನ್ನುವ ಪದ ಕೇಳಿರುತ್ತೀರಿ. ಎಲ್ಲರನ್ನೂ ಹೊಡೆದು ಹೆದರಿಸಿ ಮೇಲೇರಿದ ನಾಯಕ ಅಂತ ಅರ್ಥ ಹೇಳುತ್ತಾರೆ. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಬಾಸೆಲ್ ಮೃಗಾಲಯದ ತೋಳಗಳನ್ನು. ಓಡಿಹೋಗಲು ಜಾಗ ಇಲ್ಲದ ಆವರಣದಲ್ಲಿ ಅವು ಸ್ಥಾನಕ್ಕಾಗಿ ಜಗಳವಾಡುತ್ತಿದ್ದವು. 1970ರಲ್ಲಿ ಡೇವಿಡ್ ಮೆಕ್ ಎಂಬ ವಿಜ್ಞಾನಿ ತೋಳಗಳ ಬಗ್ಗೆ ಬರೆದ ಪುಸ್ತಕ ಆಲ್ಫಾ ಪದವನ್ನು ಲೋಕಕ್ಕೆಲ್ಲ ಹರಡಿತು. ಆಮೇಲೆ ಅದೇ ಮೆಕ್, 1986ರಿಂದ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಮೇಲೆ ಬೇಸಿಗೆ ಕಾಡುತೋಳಗಳ ಹತ್ತಿರವೇ ಇದ್ದು ನೋಡಿದರು. ಅಲ್ಲಿ ಕಂಡದ್ದು ಅಪ್ಪ, ಅಮ್ಮ, ಮತ್ತು ಬೇರೆ ಬೇರೆ ವಯಸ್ಸಿನ ಮಕ್ಕಳು. ಸಾಮಾನ್ಯವಾಗಿ ತೋಳದ ಗುಂಪು ಅಂದರೆ ಒಂದು ಮನೆ. ‘ನಾಯಕ’ ಅಂದರೆ ತಂದೆ ತಾಯಿ. 1999ರಲ್ಲಿ ಇದನ್ನು ಅವರೇ ಬರೆದು ತಿದ್ದಿದರು, ತಮ್ಮ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಅಂತ ಪ್ರಕಾಶಕರನ್ನು ಕೇಳಿಕೊಂಡರು. ತಾನು ಹರಡಿದ ತಪ್ಪನ್ನು ತಾನೇ ಹಿಂದೆ ಬಿದ್ದು ತಿದ್ದುವುದು ಸಣ್ಣ ಮಾತಲ್ಲ. ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ. ಆದರೆ ತರಬೇತಿ ಕೊಡುವವರ ಹಾಳೆಗಳಲ್ಲಿ ಆಲ್ಫಾ ಇನ್ನೂ ಹಾಗೇ ಉಳಿದಿದೆ.

ಸಿಂಹ ‘ಹುಟ್ಟು ನಾಯಕ’ ಅಂತ ಬರೆದಿರುತ್ತಾರೆ. ಸಿಂಹ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಬಯಲಿನಲ್ಲಿ ಬೇಟೆಯ ಹೆಚ್ಚಿನ ಭಾರ ಹೆಣ್ಣುಗಳದ್ದು. ಗಂಡು ಸಿಂಹಗಳು ಕತ್ತೆಕಿರುಬಗಳ ಬೇಟೆಯನ್ನು ಕಿತ್ತುಕೊಳ್ಳುವುದೂ ಉಂಟು. ಗಿರ್ ಕಾಡಿನ ಸಿಂಹಗಳಲ್ಲಂತೂ ಗಂಡು, ಹೆಣ್ಣು ಹೆಚ್ಚು ಸಮಯ ಬೇರೆ ಬೇರೆಯೇ ಇರುತ್ತವೆ. ಸಿಂಹ ಎಂಬ ಜಾತಿ ಒಂದೇ, ಆದರೆ ಆಫ್ರಿಕಾದ ಬಯಲಿನಲ್ಲಿ ಬದುಕುವ ರೀತಿ ಒಂದು, ಗಿರ್‌ನ ಕಾಡಿನಲ್ಲಿ ಇನ್ನೊಂದು. ಓರ್ಕಾ ತಿಮಿಂಗಿಲದಲ್ಲಿ ನಾಯಕತ್ವ ಅಂದರೆ ಮುದಿ ಅಜ್ಜಿ. ಮರಿ ಹಾಕುವ ವಯಸ್ಸು ದಾಟಿದ ಹೆಣ್ಣುಗಳು ಗುಂಪಿನ ಮುಂದೆ ಈಜುತ್ತವೆ, ಸಾಲ್ಮನ್ ಮೀನು ಕಡಿಮೆ ಇರುವ ವರ್ಷಗಳಲ್ಲಿ ಹಾಗೆ ಮುಂದೆ ಹೋಗುವುದು ಇನ್ನೂ ಜಾಸ್ತಿ. ಇದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಿಮ್ಮ ತರಬೇತಿಯಲ್ಲಿ ಓರ್ಕಾ ಅಂತ ಬಂದವರಿಗೆ ಇದನ್ನು ಹೇಳಿದರೋ ಇಲ್ಲವೋ.

ಹಾಗಾದರೆ ಪ್ರಾಣಿಗಳಿಗೆ ಸ್ವಭಾವವೇ ಇಲ್ಲವಾ? ಖಂಡಿತ ಇದೆ. ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚೀನಾದ ಈಶಾನ್ಯ ಭಾಗದಲ್ಲಿ ಸಾಕುವ 248 ಸೈಬೀರಿಯಾ ಹುಲಿಗಳನ್ನು, ಅವುಗಳನ್ನು ದಿನಾ ನೋಡುವ ಜನರಿಂದಲೇ ಅಳೆಸಿದರು. ಎರಡು ದೊಡ್ಡ ಗುಣಗಳು ಕಂಡವು. ಒಂದು ಗತ್ತು, ಅಂದರೆ ಧೈರ್ಯ, ಪೈಪೋಟಿ, ಮುನ್ನುಗ್ಗುವುದು. ಇನ್ನೊಂದು ಸಮಾಧಾನ, ಅಂದರೆ ಸೌಮ್ಯತೆ, ತಾಳ್ಮೆ, ಹೊಂದಿಕೊಳ್ಳುವುದು. ಗಮನಿಸಿ, ಒಂದು ಹುಲಿಯ ಹಾಗೆ ಇನ್ನೊಂದು ಇರಲಿಲ್ಲ. ಗತ್ತಿನ ಹುಲಿಗಳಿದ್ದವು, ಸೌಮ್ಯ ಹುಲಿಗಳಿದ್ದವು. 1998ರಲ್ಲಿ ಸ್ಯಾಮ್ ಗಾಸ್ಲಿಂಗ್ ಎಂಬ ಸಂಶೋಧಕ 34 ಕತ್ತೆಕಿರುಬಗಳ ಮೇಲೆ ಇಂಥದ್ದೇ ಕೆಲಸ ಮಾಡಿದ್ದರು. ಅವುಗಳಲ್ಲೂ ಕುತೂಹಲ ಜಾಸ್ತಿ ಇರುವವು, ಬೇಗ ಗಾಬರಿಯಾಗುವವು, ಜೊತೆ ಬಯಸುವವು, ಹೀಗೆ ಬೇರೆ ಬೇರೆ. ಅಂದರೆ ‘ಹುಲಿ’ ಅನ್ನುವುದು ಒಂದು ಜಾತಿ, ಒಂದು ಸ್ವಭಾವ ಅಲ್ಲ. “ನೀವು ಹುಲಿ” ಅಂದ ಮಾತ್ರಕ್ಕೆ ನೀವು ಎಂಥವರು ಅಂತ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಹುಲಿ ಅಂತ ಕೇಳಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ನಿಮ್ಮ ಮ್ಯಾನೇಜರ್‌ಗೂ ಗೊತ್ತಿದ್ದರೆ ಒಳ್ಳೆಯದಿತ್ತು. ಕೆಲಸದಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ ಎಂಬುದಕ್ಕೂ ಸ್ವಭಾವಕ್ಕೂ ಸಂಬಂಧ ಹುಡುಕಿದಾಗ, ಬೇರೆ ಬೇರೆ ವೃತ್ತಿಗಳಲ್ಲಿ ಮತ್ತೆ ಮತ್ತೆ ಕಾಣುವ ಗುಣ ಒಂದಿದೆ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ, ಅಚ್ಚುಕಟ್ಟಾಗಿ, ಯಾರೂ ನೋಡದಿದ್ದರೂ ಮಾಡಿ ಮುಗಿಸುವ ಗುಣ. ಹೊಣೆಗಾರಿಕೆ ಅಂತ ಕರೆಯೋಣ. ಆ ಸಂಬಂಧವೂ ಭಾರಿ ದೊಡ್ಡದೇನಲ್ಲ, ಆದರೆ ಗಟ್ಟಿಯಾದದ್ದು. 1999ರಲ್ಲಿ ಗಾಸ್ಲಿಂಗ್ ಮತ್ತು ಆಲಿವರ್ ಜಾನ್ 12 ಪ್ರಾಣಿ ಜಾತಿಗಳ ಸ್ವಭಾವದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಂಜಿಕೆ, ಬೆರೆಯುವ ಗುಣ, ಹೊಂದಿಕೊಳ್ಳುವ ಗುಣ ಹಲವು ಜಾತಿಗಳಲ್ಲಿ ಕಂಡವು. ಹೊಣೆಗಾರಿಕೆ ಮಾತ್ರ ಪ್ರತ್ಯೇಕ ಗುಣವಾಗಿ ಕಂಡದ್ದು ಚಿಂಪಾಂಜಿಯಲ್ಲಷ್ಟೆ. ಆಫೀಸಿಗೆ ಎಲ್ಲಕ್ಕಿಂತ ಬೇಕಾದ ಗುಣವನ್ನು ಸಿಂಹ, ಹುಲಿ, ಶಾರ್ಕ್‌ಗಳ ಪಟ್ಟಿಯಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ಕೋಪದ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ “ಕೆಣಕಿದರೆ ಹುಲಿ” ಅನ್ನುವುದನ್ನು ನಾವು ಹೊಗಳಿಕೆಯ ಹಾಗೆ ಬಳಸುತ್ತೇವೆ. ಬೇಟೆಗೂ ಕೋಪಕ್ಕೂ ಸಂಬಂಧ ಇಲ್ಲ. 1960ರ ದಶಕದಲ್ಲಿ ಬೆಕ್ಕುಗಳ ಮಿದುಳಿನ ಮೇಲೆ ನಡೆದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿದವು. ಹೈಪೋಥಲಾಮಸ್ ಎಂಬ ಭಾಗದ ಒಂದು ಕಡೆ ಪ್ರಚೋದಿಸಿದರೆ ಬೆಕ್ಕು ಸದ್ದಿಲ್ಲದೆ, ಶಾಂತವಾಗಿ ಹೋಗಿ ಇಲಿಯನ್ನು ಹಿಡಿಯುತ್ತದೆ. ಇನ್ನೊಂದು ಕಡೆ ಪ್ರಚೋದಿಸಿದರೆ ಬೆನ್ನು ಗೂನು ಮಾಡಿ, ರೋಮ ನಿಮಿರಿಸಿ, ಹುಸ್ಸೆಂದು ಗುರುಗುಟ್ಟುತ್ತದೆ. ಮೊದಲನೆಯದು ಬೇಟೆ. ಎರಡನೆಯದು ಹೆದರಿದ ಪ್ರಾಣಿ ತನ್ನನ್ನು ಕಾಯ್ದುಕೊಳ್ಳುವ ರೀತಿ. ಮೀಟಿಂಗಿನಲ್ಲಿ ಕೂಗಾಡುವವರನ್ನು ಸಿಂಹ ಅನ್ನುತ್ತಾರಲ್ಲ, ಅವರು ಮಾಡುತ್ತಿರುವುದು ಎರಡನೆಯದನ್ನು. ನಿಜವಾದ ಬೇಟೆಗಾರ ಪ್ರಾಣಿ ತುಂಬ ಜಾಗರೂಕ. ಒಂದು ಗಾಯವಾದರೂ ಹಸಿವಿನಿಂದ ಸಾಯಬೇಕಾಗಬಹುದು ಅನ್ನುವ ಲೆಕ್ಕದಲ್ಲೇ ಬದುಕುತ್ತದೆ. ಹುಲಿ ಹಾರಿದ ಹತ್ತು ಸಲದಲ್ಲಿ ಒಂಬತ್ತು ಸಲ ಬರಿಗೈ ಅಂತ ಲೆಕ್ಕ ಹೇಳುತ್ತಾರೆ.

ಇನ್ನು ನಾನು ನಿಂತುಬಿಟ್ಟೆ ಅಂದ ಜಾಗಕ್ಕೆ ಬರುತ್ತೇನೆ.

ಆಫ್ರಿಕಾದಲ್ಲಿ ಚಿರತೆ ತನ್ನ ಬೇಟೆಯನ್ನು ಹಲ್ಲಲ್ಲಿ ಕಚ್ಚಿ ಮರದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ನೋಡಿದವರು “ಎಂಥ ಒಂಟಿ ಪ್ರಾಣಿ, ಯಾರಿಗೂ ಒಂದು ತುಂಡು ಬಿಡುವುದಿಲ್ಲ” ಅಂದುಕೊಳ್ಳಬಹುದು. ಅಲ್ಲಿ ಕೆಳಗೆ ಸಿಂಹ ಇದೆ, ಕತ್ತೆಕಿರುಬ ಇದೆ, ಬಿಟ್ಟರೆ ಕಿತ್ತುಕೊಳ್ಳುತ್ತವೆ. ಶ್ರೀಲಂಕಾದ ಕಾಡಿನಲ್ಲಿ ಸಿಂಹವೂ ಇಲ್ಲ, ಹುಲಿಯೂ ಇಲ್ಲ, ಕತ್ತೆಕಿರುಬವೂ ಇಲ್ಲ. ಅಲ್ಲಿನ ಚಿರತೆ ಬೇಟೆಯನ್ನು ಮರಕ್ಕೆ ಎಳೆಯುವುದು ತೀರ ಕಡಿಮೆ. ಅದೇ ಜಾತಿ, ಅದೇ ಹಲ್ಲು, ಅದೇ ಉಗುರು. ಕಸಿಯುವವರಿಲ್ಲ, ಆದ್ದರಿಂದ ಬಚ್ಚಿಡುವುದೂ ಕಡಿಮೆ.

ಎರಡು ವರ್ಷದ ಹಿಂದೆ ನಿಮ್ಮ ಕೆಲಸವನ್ನು ಒಬ್ಬರು ಕಸಿದರು. ಅದರ ನಂತರ ನೀವು ನಿಮ್ಮ ಕೆಲಸವನ್ನು ಮರದ ಮೇಲೆ ಇಡಲು ಶುರು ಮಾಡಿದಿರಿ. ಆಮೇಲೆ ಬಂದ ಟೆಸ್ಟ್ “ಒಬ್ಬರೇ ಕೆಲಸ ಮಾಡಲು ಇಷ್ಟಪಡುತ್ತೀರಾ?”, “ಬೇರೆಯವರನ್ನು ಸುಲಭವಾಗಿ ನಂಬುತ್ತೀರಾ?” ಅಂತ ಕೇಳಿರುತ್ತದೆ. ನೀವು ಪ್ರಾಮಾಣಿಕವಾಗಿ ಉತ್ತರಿಸಿದಿರಿ. ಅದು ನಿಮ್ಮ ಎರಡು ವರ್ಷದ ಪೆಟ್ಟನ್ನು ಅಳೆದು, ಹುಟ್ಟುಗುಣ ಅಂತ ಹೆಸರಿಟ್ಟಿತು. ಅದಕ್ಕೂ ಮುಂಚಿನ ಒಂಬತ್ತು ವರ್ಷ ನೀವು ಟೀಮಿನಲ್ಲಿ ಹೇಗಿದ್ದಿರಿ? ದಯವಿಟ್ಟು ಕೂತು ಯೋಚಿಸಿ. ಆಗ ಹೊಸಬರಿಗೆ ಕೆಲಸ ಹೇಳಿಕೊಡುತ್ತಿದ್ದಿರಾ? ತೊಡಕು ಬಂದಾಗ ಪಕ್ಕದವರನ್ನು ಕೇಳುತ್ತಿದ್ದಿರಾ? ಆಗಲೂ ಒಬ್ಬರೇ ಇದ್ದಿರಿ ಅಂದರೆ, ಸರಿ, ಒಂಟಿಯಾಗಿ ಕೆಲಸ ಮಾಡುವುದು ನಿಮಗೆ ಸಹಜ. ಅದರಲ್ಲೂ ತಪ್ಪೇನಿಲ್ಲ. ಆದರೆ ಆಗ ಹಾಗಿರಲಿಲ್ಲ ಅಂದರೆ, ನೀವು ಹುಡುಕಬೇಕಾದದ್ದು ಆ ಪೆಟ್ಟಿಗೆ ಏನು ಮಾಡುವುದು ಅನ್ನುವುದನ್ನು.

ನಾನೂ ಈಗ ಪ್ರಾಣಿಯನ್ನೇ ಹೋಲಿಕೆಗೆ ತಂದೆ, ನಿಜ. ಹೋಲಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನರಿಬುದ್ಧಿ, ಹದ್ದಿನ ಕಣ್ಣು, ಗೋಮುಖ ವ್ಯಾಘ್ರ ಅಂತ ನಮ್ಮ ಮಾತಿನಲ್ಲೇ ಪ್ರಾಣಿಗಳು ತುಂಬಿವೆ. ಮನುಷ್ಯ ಹಿಂದಿನಿಂದಲೂ ಹೀಗೆಯೇ. ಇಟಲಿಯ ಡೆಲ್ಲಾ ಪೋರ್ಟಾ ಎಂಬ ಪಂಡಿತ 1586ರಲ್ಲೇ ಮನುಷ್ಯರ ಮುಖಗಳನ್ನು ಪ್ರಾಣಿಗಳ ಮುಖಗಳ ಪಕ್ಕ ಚಿತ್ರಿಸಿ, ಮುಖ ಹೋಲಿದರೆ ಗುಣವೂ ಹೋಲುತ್ತದೆ ಅಂತ ವಾದಿಸಿದ್ದ. ಒಂದು ಮಾತಿಗೆ ಬಣ್ಣ ಕಟ್ಟಲು ಪ್ರಾಣಿ ಬೇಕು. ಒಬ್ಬರ ಹುದ್ದೆ ತೀರ್ಮಾನಿಸಲು ಪ್ರಾಣಿ ಬೇಡ.

“ಸ್ವಭಾವ ಬದಲಾಗುತ್ತದಾ?” ಬದಲಾಗುತ್ತದೆ, ನಿಧಾನವಾಗಿ. ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ ವಂಶವಾಹಿಗಳಿಗೆ ಸೇರಿದ್ದು ಅಂತ ಅವಳಿಗಳ ಅಧ್ಯಯನಗಳು ಹೇಳುತ್ತವೆ. ಉಳಿದದ್ದಕ್ಕೆ ಬದುಕು ಕಾರಣ. ವಯಸ್ಸಾದಂತೆ ಹೆಚ್ಚಿನವರಲ್ಲಿ ಹೊಣೆಗಾರಿಕೆ, ಹೊಂದಾಣಿಕೆ ಏರುತ್ತವೆ, ತಳಮಳ ಇಳಿಯುತ್ತದೆ. ಬೇಕೆಂದೇ ಬದಲಾಗಲು ಹೊರಟವರ ಮೇಲೂ ಅಧ್ಯಯನಗಳಿವೆ. 2019ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ 15 ವಾರ ಸಣ್ಣ ಸಣ್ಣ ಕೆಲಸ ಕೊಟ್ಟರು. ಅಪರಿಚಿತರನ್ನು ಮಾತಾಡಿಸುವುದು, ಇಂಥವು. ಆ ಕೆಲಸಗಳನ್ನು ನಿಜವಾಗಿ ಮಾಡಿದವರು ಸ್ವಲ್ಪ ಬದಲಾದರು. ಸುಮ್ನೆ ಆಸೆಪಟ್ಟು ಕೂತವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ನಿಮ್ಮ ಹೆಂಡತಿ ಹೇಳಿದ್ದನ್ನು ದಯವಿಟ್ಟು ಕೇಳಿಸಿಕೊಳ್ಳಿ. “ನಾನಿರೋದೇ ಹೀಗೆ” ಅಂದಾಗ ಎದುರಿನವರಿಗೆ ಮಾತಾಡಲು ಏನೂ ಉಳಿಯುವುದಿಲ್ಲ. ಟೆಸ್ಟ್ ಮಾಡಿದ ಹಾನಿಯಲ್ಲಿ ಹುದ್ದೆಗಿಂತ ಇದೇ ನನಗೆ ಜಾಸ್ತಿ ಚಿಂತೆ ತರುತ್ತದೆ.

ಈಗ ಏನು ಮಾಡಬಹುದು ಅಂತ ನೋಡೋಣ. ಟೆಸ್ಟ್ ಮತ್ತೆ ಬರೆದು ಸಿಂಹ ಬರುವ ಹಾಗೆ ಮಾಡಲೇ ಅಂತ ಕೇಳಿದಿರಿ. ಮಾಡಬಹುದು, ಕಷ್ಟವೂ ಅಲ್ಲ. ಯಾವ ಉತ್ತರಕ್ಕೆ ಯಾವ ಪ್ರಾಣಿ ಅಂತ ಇಂಥ ಪ್ರಶ್ನೆಗಳಲ್ಲಿ ಎದ್ದು ಕಾಣುತ್ತದೆ. ಆದರೆ ಹುಲಿಯ ಬಣ್ಣಕ್ಕೆ ಮರುಳಾಗಿ ನರಿ ಮೈ ಸುಟ್ಟುಕೊಂಡಿತು ಅನ್ನುತ್ತಾರಲ್ಲ, ಹಾಗಾಗುತ್ತದೆ. ಸುಳ್ಳು ಉತ್ತರದಿಂದ ಸಿಕ್ಕ ಸಿಂಹದ ವೇಷವನ್ನು ಮುಂದೆ ದಿನಾ ಹೊರಬೇಕು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಆ ಟೆಸ್ಟಿಗೆ ಬೆಲೆ ಇದೆ ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ಬೇಕಿದ್ದರೆ ಯಾವ ಲೆಕ್ಕಾಚಾರವೂ ಇಲ್ಲದೆ, ಮನಸ್ಸಿಗೆ ಬಂದ ಹಾಗೆ ಅದನ್ನು ಇನ್ನೊಮ್ಮೆ ಬರೆಯಿರಿ. ಬೇರೆ ಪ್ರಾಣಿ ಬಂದರೆ ಆ ಎರಡು ಹಾಳೆಗಳನ್ನೂ ಇಟ್ಟುಕೊಳ್ಳಿ, ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ. ಹುಲಿಯೇ ಬಂದರೆ ಗಾಬರಿಯಾಗಬೇಡಿ. ನೀವು ಈಗಲೂ ಅದೇ ಪೆಟ್ಟಿನಲ್ಲಿದ್ದೀರಿ ಅಂತಷ್ಟೆ ಅದರ ಅರ್ಥ ಇರಬಹುದು.

ಸುಮ್ಮನಿದ್ದುಬಿಡುವುದು ಇನ್ನೊಂದು ದಾರಿ. ಸುಲಭ, ಆದರೆ ನಿಮ್ಮ ಸಂದರ್ಭದಲ್ಲಿ ಅದನ್ನು ನಾನು ಹೇಳಲಾರೆ. ಮ್ಯಾನೇಜರ್ ಆ ಪದವನ್ನು ಈಗಾಗಲೇ ಒಂದು ತೀರ್ಮಾನಕ್ಕೆ ಬಳಸಿಯಾಗಿದೆ. ಟೀಮಿನ ಕೆಲಸ ಕೊಡುವುದಿಲ್ಲ, ಕೊಡದ ಕಾರಣ ನೀವು ಇನ್ನೂ ಒಂಟಿಯಾಗುತ್ತೀರಿ, ಆಮೇಲೆ “ನೋಡಿ, ಹೇಳಿರಲಿಲ್ವಾ” ಅನ್ನುತ್ತಾರೆ. ಈ ಸುಳಿಗೆ ಸಿಕ್ಕವರನ್ನು ನಾನು ನೋಡಿದ್ದೇನೆ. ಹೊರಬರಲು ವರ್ಷಗಳು ಬೇಕಾಗುತ್ತವೆ.

ನನ್ನ ಮನಸ್ಸಿಗೆ ಒಪ್ಪುವುದು ಮ್ಯಾನೇಜರ್ ಜೊತೆ ನೇರವಾಗಿ ಮಾತಾಡುವುದು. ಟೆಸ್ಟ್ ತಪ್ಪು ಅಂತ ವಾದಕ್ಕೆ ಹೋಗಬೇಡಿ. ತರಬೇತಿ ತರಿಸಿದವರು ಅವರೇ ಆಗಿದ್ದರೆ ಅವರಿಗೆ ಅವಮಾನ ಅನಿಸುತ್ತದೆ, ಮಾತು ಅಲ್ಲೇ ಕೆಡುತ್ತದೆ. “ಟೀಮ್ ಲೀಡ್ ಆಗುವವರು ಮಾಡಬೇಕಾದ ಮೂರು ಕೆಲಸ ಯಾವುವು, ಅದರಲ್ಲಿ ನನ್ನಲ್ಲಿ ಯಾವುದು ಕಡಿಮೆ ಕಂಡಿದೆ, ಯಾವಾಗ ಕಂಡಿತು?” ಅಂತ ಕೇಳಿ. ಆಗ ಮಾತು ಪ್ರಾಣಿಯಿಂದ ಕೆಲಸಕ್ಕೆ ಬರುತ್ತದೆ. ಇದರಲ್ಲೂ ಅಪಾಯ ಇದೆ. ಅವರು ನಿಜವಾಗಿಯೂ ಒಂದೆರಡು ಘಟನೆ ಹೇಳಬಹುದು, ಕೇಳಲು ನೋವಾಗಬಹುದು. ಆದರೆ ಅಂಥ ಘಟನೆಯನ್ನು ತಿದ್ದಿಕೊಳ್ಳಬಹುದು. ‘ಹುಲಿ’ಯನ್ನು ಹೇಗೆ ತಿದ್ದುತ್ತೀರಿ?

ಆ ಮಾತಿನಲ್ಲೇ ಇನ್ನೊಂದು ಬೇಡಿಕೆ ಇಡಿ. ಇಬ್ಬರು ಮೂವರು ಇರುವ ಒಂದು ಸಣ್ಣ ಕೆಲಸವನ್ನು ಎರಡು ಮೂರು ತಿಂಗಳು ನಡೆಸಲು ಕೊಡಿ, ಆಮೇಲೆ ಒಟ್ಟಿಗೆ ಕೂತು ನೋಡೋಣ ಅಂತ. ಶುರುವಿನಲ್ಲೇ ಯಾರ ಕೆಲಸ ಯಾರದು ಅಂತ ಬರೆದು ಎಲ್ಲರಿಗೂ ಕಳಿಸಿ. ವಾರಕ್ಕೊಮ್ಮೆ ಯಾರು ಏನು ಮುಗಿಸಿದರು ಅಂತ ಹೆಸರಿನೊಂದಿಗೆ ಬರೆಯಿರಿ. ಟೀಮಿನವರಿಗೆ ಇದರಿಂದ ಧೈರ್ಯ ಬರುತ್ತದೆ, ಮತ್ತು ನೀವು ಯಾವುದನ್ನೂ ಮರದ ಮೇಲೆ ಬಚ್ಚಿಡಬೇಕಾಗುವುದಿಲ್ಲ. ಪ್ರಾಮಾಣಿಕವಾಗಿ ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಮೂರು ತಿಂಗಳ ನಂತರ ‘ಈ ಕೆಲಸ ನನಗೆ ಇಷ್ಟ ಇಲ್ಲ’ ಅಂತ ನಿಮಗೇ ಅನಿಸಬಹುದು. ಒಳ್ಳೆಯ ಕೆಲಸಗಾರರೆಲ್ಲ ಲೀಡ್ ಆಗಲೇಬೇಕು ಅಂತೇನೂ ಇಲ್ಲ. ಆದರೆ ಮಾಡಿ ನೋಡಿ ಬಿಡುವುದಕ್ಕೂ, 40 ಪ್ರಶ್ನೆ ನೋಡಿ ಬಿಡುವುದಕ್ಕೂ ತುಂಬ ವ್ಯತ್ಯಾಸ ಇದೆ.

ನಿಮ್ಮ ಸ್ವಭಾವವನ್ನು ಸರಿಯಾಗಿ ತಿಳಿಯುವ ಆಸೆ ಇದ್ದರೆ, ಐದು ಗುಣಗಳನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿಗಳಿವೆ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಹತ್ತಿರ ಸಿಗುತ್ತವೆ. ನೀವು ಬರೆದದ್ದರ ಜೊತೆ ನಿಮ್ಮ ಹೆಂಡತಿಯೂ ನಿಮ್ಮ ಬಗ್ಗೆ ಬರೆಯಲಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಕಾಣುವಷ್ಟು ಒಂದರಲ್ಲೇ ಕಾಣುವುದಿಲ್ಲ. ಅದು ಕೂಡ ಇವತ್ತಿನ ಫೋಟೋ ಅಷ್ಟೆ, ಜಾತಕ ಅಲ್ಲ. ಆ ಹಳೆಯ ಘಟನೆ ಈಗಲೂ ನಿದ್ದೆ ಕೆಡಿಸುತ್ತಿದ್ದರೆ, ಅಥವಾ ಮನೆಯವರ ಜೊತೆಗೂ ಮಾತು ಕಡಿಮೆಯಾಗಿದ್ದರೆ, ಪ್ರಶ್ನಾವಳಿಗಿಂತ ಮೊದಲು ಒಬ್ಬ ಆಪ್ತಸಲಹೆಗಾರರನ್ನು ನೋಡಿ. ನಾಲ್ಕೈದು ಭೇಟಿಯಲ್ಲೇ ಹಗುರವಾಗುವ ಭಾರ ಅದಾಗಿರಬಹುದು.

ಇನ್ನು ಮಗನ ವಿಷಯ. ಅವನಿಗೆ “ಅದು ಸುಳ್ಳು, ಬಿಡು” ಅಂದರೆ ಸಾಲದು, ಯಾಕೆಂದರೆ ಗೆಳೆಯರ ಮುಂದೆ ನಾಳೆಯೂ ನಿಲ್ಲಬೇಕಾದವನು ಅವನು. ಕತ್ತೆಕಿರುಬದ ನಿಜವಾದ ಕಥೆ ಹೇಳಿ. ಅದು ಬರೀ ಎಂಜಲು ತಿನ್ನುವ ಹೇಡಿ ಅಂತ ಲೋಕ ನಂಬಿತ್ತು. 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ಟಾಂಜಾನಿಯಾದ ಸೆರೆಂಗೆಟಿ, ಗೊರೊಂಗೊರೊಗಳಲ್ಲಿ ರಾತ್ರಿಯೆಲ್ಲ ಅವುಗಳ ಹಿಂದೆಯೇ ಓಡಾಡಿದರು. ಗೊರೊಂಗೊರೊದಲ್ಲಿ ಚುಕ್ಕೆ ಕತ್ತೆಕಿರುಬಗಳು ತಿನ್ನುವುದರಲ್ಲಿ ಹೆಚ್ಚಿನದನ್ನು ತಾವೇ ಬೇಟೆಯಾಡಿ ತರುತ್ತಿದ್ದವು. ಬೆಳಿಗ್ಗೆ ಬಂದು ನೋಡಿದವರಿಗೆ ಬೇಟೆಯ ಮೇಲೆ ಸಿಂಹ, ಸುತ್ತ ಕಾಯುವ ಕತ್ತೆಕಿರುಬಗಳು ಕಾಣುತ್ತಿದ್ದವು. ರಾತ್ರಿ ಬೇಟೆಯಾಡಿದ್ದು ಎಷ್ಟೋ ಸಲ ಆ ಕತ್ತೆಕಿರುಬಗಳೇ, ಕಿತ್ತುಕೊಂಡದ್ದು ಸಿಂಹ! ಅವು ಹತ್ತಾರು ಸಂಖ್ಯೆಯ ದೊಡ್ಡ ಬಳಗದಲ್ಲಿ ಬದುಕುತ್ತವೆ, ಹೆಣ್ಣುಗಳೇ ಯಜಮಾನರು, ಬಳಗದಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಒಂದೊಂದಕ್ಕೂ ಗೊತ್ತಿರುತ್ತದೆ. ಆ ‘ನಗು’ ಕೂಡ ನಗುವಲ್ಲ, ಗಡಿಬಿಡಿಯಲ್ಲಿ, ಉದ್ವೇಗದಲ್ಲಿ ಹೊರಡುವ ದನಿ.

ಇದನ್ನು ಹೇಳುವಾಗ ಕೆಲಸ ಕಸಿದುಕೊಂಡವರ ನಿಮ್ಮ ಕಥೆಯನ್ನೂ, ಅವನಿಗೆ ಅರ್ಥವಾಗುವಷ್ಟು, ಹೇಳಿ ನೋಡಿ. 10 ವರ್ಷದ ಹುಡುಗ, ತಿಳಿದುಕೊಳ್ಳುತ್ತಾನೆ. ಮ್ಯಾನೇಜರ್ ಏನೆಂದರು ಅಂತ ನನಗೆ ಬರೆಯಿರಿ, ಮಗ ಏನೆಂದ ಅಂತಲೂ.